ಕೆಂಜಿಗದ ಗೂಡಿಗೆ ಹೊಲಿಗೆ ಬಂದದ್ದು

ಜಗತ್ತು ಆಗಷ್ಟೇ ತಯಾರಾಗಿತ್ತು. ಆಕಾಶದ ನೀಲಿ ಇನ್ನೂ ಒಣಗಿರಲಿಲ್ಲ. ಎತ್ತರಕ್ಕೆ ಹಾರಿದ ಹಕ್ಕಿಗಳ ಬೆನ್ನಿಗೆಲ್ಲ ಬಣ್ಣ ಅಂಟುತ್ತಿತ್ತು. ನನ್ನ ಮಾತು ನಂಬದಿದ್ದರೆ ಮಿಂಚುಳ್ಳಿಯ ಬೆನ್ನು ನೋಡು ಪುಟ್ಟಿ.

ಆ ಕಾಲದಲ್ಲಿ ಮಾವಿನಮರದ ಕೆಂಜಿಗಗಳಿಗೆ, ಅದೇ, ಕಚ್ಚಿದರೆ ಉರಿಯುವ ಕೆಂಪಿರುವೆಗಳಿಗೆ, ಒಂದೇ ಎಲೆಯ ಮನೆಯಿತ್ತು. ಮರವೇ ಸುರುಳಿ ಸುತ್ತಿ ಕೊಟ್ಟದ್ದು. ಎಲೆ ಎಷ್ಟು ದೊಡ್ಡದು? ನಮ್ಮ ಜಮಖಾನದಷ್ಟು. ಸರಿ, ಟವೆಲಿನಷ್ಟು. ಅದಕ್ಕಿಂತ ಕಡಿಮೆ ಮಾಡಲಾರೆ.

ಮನೆಯ ಬಾಗಿಲು ಮೂಡಣಕ್ಕಿರಬೇಕು ಎಂದರು ಕೆಲವರು. ಪಡುವಣಕ್ಕೆ ಎಂದರು ಉಳಿದವರು. ಮಾತು ಮುಗಿದು ಕಚ್ಚಾಟ ಶುರುವಾಯಿತು. ಇರುವೆಯ ಸೊಂಟ ದಾರದಂತೆ ಸಣ್ಣದು. ಅಲ್ಲಿ ಕಚ್ಚಿದರೆ ಎರಡು ತುಂಡು. ಒಂದೇ ತಾಯಿಯ ಮಕ್ಕಳು ಅದನ್ನು ಕಲಿತದ್ದು ಆ ಜಗಳದಲ್ಲೇ. ಕೊನೆಗೆ ಎಳೆದಾಡಿ ಮನೆಯನ್ನೇ ನಡುವೆ ಹರಿದರು.

ಅರ್ಧ ಎಲೆ ಈ ಕಡೆ ಜೋತಾಡಿತು, ಅರ್ಧ ಆ ಕಡೆ. ಎರಡರ ಮೇಲೂ ಅಕ್ಕಿಕಾಳಿನಂಥ ಮರಿಗಳು, ಸೂರಿಲ್ಲದೆ.

ಆಗ ಗಾಳಿ ಬಂತು. "ಬೆಟ್ಟದಾಚೆ ಮಳೆ ಹೊರಟಿದೆ. ದಪ್ಪ ಹನಿ. ತಡೆದು ನೋಡಿದೆ, ನಿಲ್ಲಲಿಲ್ಲ."

"ಮರಿಗಳು ಕೊಚ್ಚಿಹೋಗುತ್ತವೆ," ಎಂದಿತು ಮರ. "ಅಂಥ ಇನ್ನೊಂದು ಎಲೆ ನನ್ನಲ್ಲಿಲ್ಲ. ಹರಿದದ್ದನ್ನೇ ಕೂಡಿಸಿಕೊಳ್ಳಿ."

ಮೂಡಣದವರಿಗೆ ದ್ಯಾಮವ್ವ ಹಿರಿಯಳು. ಪಡುವಣದವರಿಗೆ ನಿಂಗಕ್ಕ. ದ್ಯಾಮವ್ವನ ತಂಗಿಯನ್ನು ತುಂಡು ಮಾಡಿದವಳು ಇದೇ ನಿಂಗಕ್ಕ.

ಎಲೆಗಳನ್ನು ಹತ್ತಿರಕ್ಕೆ ತರಬೇಕಾದರೆ ಒಬ್ಬಳನ್ನೊಬ್ಬಳು ಹಿಡಿದು ಸರಪಳಿ ಮಾಡಿ ಎಳೆಯಬೇಕು. ಇರುವೆಗೆ ಹಿಡಿಯಲು ಇರುವುದು ಬಾಯಿ. ಹಿಡಿತ ಸಿಗುವುದು ಸೊಂಟದಲ್ಲಿ. ಮೂಡಣದವರ ಸರಪಳಿ ಅರ್ಧ ದಾರಿಗೆ ಬಂತು. ಪಡುವಣದವರ ಸರಪಳಿ ಅರ್ಧ ದಾರಿಗೆ ಬಂತು. ಈ ತುದಿಗೆ ದ್ಯಾಮವ್ವ, ಆ ತುದಿಗೆ ನಿಂಗಕ್ಕ.

"ಬೆನ್ನು ಕೊಡುವವರು ಯಾರು?" ಎಂದಳು ದ್ಯಾಮವ್ವ.

ಕೆಳಗೆಲ್ಲೋ ಮೊದಲ ಹನಿ ಟಪ್ಪೆಂದಿತು.

ನಿಂಗಕ್ಕ ತಿರುಗಿ ನಿಂತಳು. "ಹಿಡಿ ದ್ಯಾಮವ್ವ. ಕತ್ತರಿಸುವುದಾದರೆ ಬೇಗ ಕತ್ತರಿಸು. ನನ್ನ ಜಾಗಕ್ಕೆ ಇನ್ನೊಬ್ಬಳು ಬರಬೇಕಲ್ಲ, ಮಳೆ ಕಾಯುವುದಿಲ್ಲ."

"ನನ್ನ ತಂಗಿಯ ಸೊಂಟವೂ ಇಷ್ಟೇ ಇತ್ತು."

"ಗೊತ್ತು." ಅಷ್ಟು ಹೇಳಿ ನಿಂಗಕ್ಕ ತನ್ನ ಮುಂದಿನವಳ ಸೊಂಟ ಕಚ್ಚಿ ಹಿಡಿದಳು. ಇನ್ನು ಅವಳು ತಿರುಗಿ ನೋಡುವಂತೆಯೂ ಇರಲಿಲ್ಲ.

ದ್ಯಾಮವ್ವ ಬಾಯಿ ತೆರೆದಳು. ದವಡೆ ಸೊಂಟಕ್ಕೆ ತಾಗಿತು. ಒತ್ತಿದಳು. ಇನ್ನೊಂದಿಷ್ಟು ಒತ್ತಿದಳು. ಮರ ಅಲುಗಲಿಲ್ಲ. ಗಾಳಿ ಉಸಿರು ಬಿಗಿಹಿಡಿಯಿತು. ಗಾಳಿಯೇ ಉಸಿರು ಬಿಗಿಹಿಡಿದರೆ ಊರಿನ ಗತಿ ಏನು, ನೀನೇ ಯೋಚಿಸು.

ದವಡೆ ಅಲ್ಲೇ ನಿಂತಿತು. ತುಂಡಾಗದಷ್ಟು ಸಡಿಲ, ಜಾರದಷ್ಟು ಬಿಗಿ.

"ಎಳೀರಿ," ಎಂದಿತು ಮರ. ಸರಪಳಿಯಲ್ಲಿ ಯಾರ ಬಾಯಿಯೂ ಖಾಲಿ ಇರಲಿಲ್ಲ.

ಎಳೆದರು. ಎಲೆಗೆ ಎಲೆ ತಾಗಿತು. ಆದರೆ ಒಬ್ಬಳು ಬಾಯಿ ಬಿಟ್ಟರೂ ಎಲ್ಲ ಮತ್ತೆ ಚಿಮ್ಮಿ ದೂರ.

ಮರಿಗಳ ಬಾಯಿಂದ ಬಿಳಿ ನೂಲು ಬರುತ್ತಿತ್ತು. ಅದರಲ್ಲಿ ಅವು ತಮಗೊಂದು ಹೊದಿಕೆ ನೇಯ್ದುಕೊಳ್ಳುತ್ತಿದ್ದವು. ಮರಿ ಕಾಯುವ ಮುದುಕಿಯೊಬ್ಬಳು ಓಡಿಬಂದು ಒಂದನ್ನು ಎತ್ತಿಕೊಂಡಳು. "ಕಂದ, ನಿನ್ನ ಹೊದಿಕೆಯ ನೂಲು ಕೊಡ್ತೀಯಾ?"

"ಚಳಿ ಆಗತ್ತಜ್ಜಿ."

"ಆಗತ್ತೆ."

ಮರಿ ಸ್ವಲ್ಪ ಯೋಚಿಸಿತು. ಆಮೇಲೆ ಬಾಯಿ ತೆರೆಯಿತು. ಮುದುಕಿ ಅದರ ಬಾಯನ್ನು ಈ ಎಲೆಗೆ ತಾಗಿಸಿದಳು, ಆ ಎಲೆಗೆ ತಾಗಿಸಿದಳು. ಈ ಎಲೆಗೆ, ಆ ಎಲೆಗೆ. ನೂಲು ಮುಗಿದಾಗ ಇನ್ನೊಂದು ಮರಿ. ಮೂಡಣದ್ದೋ ಪಡುವಣದ್ದೋ ನೋಡಲು ಪುರಸೊತ್ತಿರಲಿಲ್ಲ.

ಮಳೆ ಬಿತ್ತು. ಹೊಲಿಗೆ ತಡೆಯಿತು. ಎಲ್ಲರೂ ಹಿಡಿತ ಬಿಟ್ಟರು, ದ್ಯಾಮವ್ವನೊಬ್ಬಳು ಮಳೆ ನಿಲ್ಲುವ ತನಕ ಬಿಡಲಿಲ್ಲ. ಬಿಟ್ಟಾಗ ನಿಂಗಕ್ಕನ ಸೊಂಟದಲ್ಲಿ ಹಲ್ಲಿನ ಗುರುತು.

"ನೋಯ್ತಾ?"

"ನೋಯ್ತು."

"ನೋಯಲಿ," ಎಂದಳು ದ್ಯಾಮವ್ವ. ಆಮೇಲೆ ಇಬ್ಬರೂ ಒದ್ದೆ ಮರಿಗಳನ್ನು ಒರೆಸಲು ಹೋದರು.

ಅದಕ್ಕೇ ಪುಟ್ಟಿ, ಇವತ್ತಿಗೂ ಕೆಂಜಿಗದ ಮರಿಗೆ ಹೊದಿಕೆಯಿಲ್ಲ, ಅದರ ನೂಲೆಲ್ಲ ಮನೆಗೇ ಹೋಗುತ್ತದೆ. ಗೂಡಿನಲ್ಲಿ ಎಲೆಗೆ ಎಲೆ ಸೇರುವಲ್ಲಿ ಬಿಳಿ ಗೀಟು ಕಾಣುತ್ತದಲ್ಲ, ಅದು ಆ ಹೊಲಿಗೆ. ಒಬ್ಬಳ ಸೊಂಟ ಇನ್ನೊಬ್ಬಳ ಬಾಯಲ್ಲಿ, ಹಾಗೆ ಸಾಲಾಗಿ ಎಲೆ ಎಳೆಯುವುದನ್ನೂ ನೋಡಬಹುದು. ದೂರದಿಂದಲೇ ನೋಡು, ಅವರು ಕಚ್ಚುವುದನ್ನು ಬಿಟ್ಟಿರುವುದು ಒಬ್ಬರನ್ನೊಬ್ಬರು ಮಾತ್ರ.