ಗಾಳಿ ನಿಂತ ಕಣ

“ಅಜ್ಜಾವರೇ, ಗಾಳಿ ನಿಲ್ಲುವುದಕ್ಕೂ ಬಾಯಿ ಮುಚ್ಚುವುದಕ್ಕೂ ಏನು ನಂಟು?” ಎಂದು ಶಿಷ್ಯನೊಬ್ಬ ಮಠದ ಗುರುವನ್ನು ಕೇಳಿದ. ಅವನು ಊರ ಶಾಲೆಯ ಮಾಸ್ತರ. ದಿನಕ್ಕೆ ನಲವತ್ತು ಸಲ ‘ಸೈಲೆನ್ಸ್’ ಎಂದು ಕೂಗುವವನು. ಆ ಮಾತು ಎಲ್ಲಿಂದ ಬಂತೆಂದು ದಪ್ಪ ನಿಘಂಟು ತೆರೆದು ನೋಡಿದ್ದ. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂತು, ಅದರಾಚೆಗೆ ಖಚಿತವಿಲ್ಲ, ಗಾಳಿ ಅಡಗುವುದಕ್ಕೆ ಹೇಳುವ ಬಲು ಹಳೆಯ ಮಾತೊಂದರ ನೆಂಟಸ್ತನ ಇದ್ದರೂ ಇರಬಹುದು ಎಂದು ಅಲ್ಲಿ ಬರೆದಿತ್ತು.

“ಮೂಲ ಏನೇ ಇರಲಿ, ಬಳಕೆಗೆ ಬಲು ಚೆನ್ನಾಗಿದೆ” ಎಂದ ಮಾಸ್ತರ. “ಒಮ್ಮೆ ಕೂಗಿದರೆ ಸಾಕು, ಸೂಜಿ ಬಿದ್ದರೂ ಕೇಳಬೇಕು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮೊದಲು ಎಲ್ಲದಕ್ಕೂ ಎದ್ದು ನಿಂತು ಕೇಳುತ್ತಿದ್ದಳು. ಈಗ ಒಂದು ತಿಂಗಳಾಯಿತು, ತುಟಿಪಿಟಕ್ಕೆಂದಿಲ್ಲ!”

“ಭಲೇ ಮಾಸ್ತರ!” ಎಂದು ಗುರುಗಳು ನಕ್ಕರು. “ನಿನ್ನ ನಿಘಂಟು ನನಗೆ ತಿಳಿಯದು. ಸುಗ್ಗಿಯ ಕಣವೊಂದರ ಕತೆ ಗೊತ್ತು. ಕೂತು ಕೇಳು.”

ಒಬ್ಬ ರೈತನಿದ್ದ. ಒಳ್ಳೆಯವನೇ. ಆದರೆ ಅವನ ನಾಲಿಗೆಗೆ ಬಿಡುವೆಂಬುದಿರಲಿಲ್ಲ. ಪ್ರಶ್ನೆಯನ್ನೂ ತಾನೇ ಕೇಳುವನು, ಉತ್ತರವನ್ನೂ ತಾನೇ ಹೇಳುವನು. ಸುಗ್ಗಿಯ ಹೊತ್ತಿಗೆ ಅವನ ಮಗಳು ಗಂಡನ ಮನೆಯಿಂದ ಒಬ್ಬಳೇ ಬಂದಳು. ‘ಯಾಕವ್ವಾ ಬಂದಿ?’ ಎಂದ. ಅವಳು ಬಾಯಿ ತೆರೆಯುವುದರೊಳಗೆ, ‘ತವರು ನೆನಪಾಗಿರಬೇಕು. ಇರಲಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ರಾಶಿ ಮುಗಿದ ಮರುದಿನಾನ ನಿನ್ನ ಗಂಡನ ಮನಿಗೆ ಗಾಡಿ ಹೂಡತೀನಿ’ ಎಂದ. ರಾಶಿ ನಡೆದ ಎಂಟು ದಿನವೂ ಇದೇ ಆಯಿತು. ಆಕೆ ಒಲೆಯ ಮುಂದೆ ಕುಳಿತು ಸುಮ್ಮನೆ ಬೆಂಕಿ ನೋಡುತ್ತಿದ್ದಳು. ಅಯ್ಯೋ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಊರ ಕಣದಲ್ಲಿ ಒಂದು ಕಟ್ಟಳೆ ಇತ್ತು. ಹೊಟ್ಟು ಹಾರಿಸಲು ಕಾಳು ತೂರುವಾಗ ಗಾಳಿ ನಿಂತರೆ, ಅದು ಮರಳುವ ತನಕ ಯಾರೂ ಮಾತನಾಡಬಾರದು. ಗಾಳಿಗೆ ನಾಚಿಕೆ ಹೆಚ್ಚು, ಮಾತು ಕೇಳಿಸಿದರೆ ಬರುವುದಿಲ್ಲ ಎಂದು ಅವರ ನಂಬಿಕೆ.

ರಾಶಿಯ ಕೊನೆಯ ದಿನ ರೈತ ಎತ್ತರದ ಮುಕ್ಕಾಲಿಯ ಮೇಲೆ ನಿಂತು ಜೋಳ ತೂರುತ್ತಿದ್ದ. ಮಗಳು ಕೆಳಗಿನಿಂದ ಮೊರ ತುಂಬಿ ಕೊಡುತ್ತಿದ್ದಳು. ಮಧ್ಯಾಹ್ನ ಗಾಳಿ ನಿಂತಿತು. ಮೇಲೆದ್ದ ಹೊಟ್ಟು ಬೀಳುವುದನ್ನೇ ಮರೆತು ಬಿಸಿಲಿನಲ್ಲಿ ತೇಲುತ್ತಿತ್ತು. ಎತ್ತಿನ ಕೊರಳ ಗಂಟೆಯೂ ಅಲುಗಲಿಲ್ಲ. ಎಲ್ಲರಿಗೂ ಕಣ್ಣು ತೆರೆದೇ ಕನಸು ಬಿದ್ದ ಹಾಗಿತ್ತು. ಕಟ್ಟಳೆ ನೋಡು, ರೈತನೂ ಬಾಯಿ ಮುಚ್ಚಿದ. ಬೇರೆ ಕೆಲಸವಿಲ್ಲದೆ ಮಗಳ ಮುಖ ನೋಡಿದ. ಎಂಟು ದಿನದಲ್ಲಿ ಅದೇ ಮೊದಲು. ನೋಡುತ್ತಲೇ ನಿಂತ.

‘ಅಪ್ಪಾ, ಆ ಮನಿಗೆ ನಾ ಹೋಗೂದಿಲ್ಲ. ಹೋದರ ಜೀವಂತ ಉಳಿಯೂದಿಲ್ಲ’ ಎಂದಳು ಮಗಳು.

ಕಣದವರು ಹೌಹಾರಿದರು. ‘ಏ ಹುಚ್ಚಿ, ಬಾಯಿ ಮುಚ್ಚ! ಗಾಳಿ ಬರೂದಿಲ್ಲ’ ಎಂದು ಒಬ್ಬ ಮುದುಕಿ ಗದರಿದಳು.

ರೈತ ಮುಕ್ಕಾಲಿಯಿಂದ ಇಳಿದ. ಕೈಯ ಮೊರವನ್ನು ನೆಲಕ್ಕಿಟ್ಟ. ‘ಗಾಳಿ ಬರದಿದ್ದರ ಬ್ಯಾಡ. ನೀ ಹೇಳವ್ವಾ’ ಎಂದ.

ಅವಳು ಸಂಜೆಯ ತನಕ ಹೇಳಿದಳು. ಅವನು ನಡುವೆ ಒಂದು ಮಾತೂ ಆಡಲಿಲ್ಲ. ಅಂದು ಗಾಳಿ ಬರಲೇ ಇಲ್ಲ. ಜೋಳ ಹೊಟ್ಟಿನೊಡನೆಯೇ ಕಣದಲ್ಲಿ ಉಳಿಯಿತು. ಮರುದಿನ ಗಾಡಿ ಹೂಡಲಿಲ್ಲ, ಆಮೇಲೂ ಹೂಡಲಿಲ್ಲ.

ಕತೆ ಮುಗಿಯಿತು. ಮಾಸ್ತರ ಬಹಳ ಹೊತ್ತು ತಲೆದೂಗಿದ. “ಹಾಗಾದರೆ ನಿಘಂಟು ಬರೆದವರ ಊಹೆ ಚೆನ್ನಾಗಿದೆ ಅಜ್ಜಾವರೇ. ನಾಳೆ ತರಗತಿಯಲ್ಲಿ ಈ ಕತೆಯನ್ನೇ ಹೇಳುತ್ತೇನೆ” ಎಂದ.

“ನೀನು ಹೇಳುವುದು ಇರಲಿ ಮಾಸ್ತರ, ಕೊನೆಯ ಬೆಂಚಿನ ಆ ಹುಡುಗಿ ತಿಂಗಳಿಂದ ಏನು ಹೇಳಲು ಕಾದಿದ್ದಾಳೆ?”