ಪಂಕ್ತಿಗೆ ಬಾರದ ರೇಣವ್ವ

ಹೊಳೆದಂಡೆಯ ಆ ಮಠಕ್ಕೊಂದು ಆಸ್ಪತ್ರೆ ಇತ್ತು. ಅಲ್ಲಿ ರೋಗಿಗಳಿಗೆ ಬರವಿರಲಿಲ್ಲ, ಬರವಿದ್ದದ್ದು ನರ್ಸುಗಳಿಗೆ. ಬಂದವರು ವರ್ಷ ತುಂಬುವ ಮೊದಲೇ ಕೆಲಸ ಬಿಡುತ್ತಿದ್ದರು.

ಆಸ್ಪತ್ರೆಯ ಉಸ್ತುವಾರಿ ಶಿಷ್ಯ ಸಾಂತಯ್ಯನದು. ಒಂದು ದಿನ ಅವನು ಹಿರಿಯ ನರ್ಸು ರೇಣವ್ವನನ್ನು ಕರೆತಂದು ಗುರುಗಳ ಮುಂದೆ ನಿಲ್ಲಿಸಿದ.

"ಅಜ್ಜಾರ, ಈಕಿನೂ ಕೆಲಸ ಬಿಡ್ತಾಳಂತ. ಸೇವಾ ಅಂದ್ರ ಏನಂತ ನಾಕು ಮಾತು ಹೇಳ್ರಿ. ಹೋದ ವರ್ಷ ಶಾಲು ಹೊಚ್ಚಿ ಸನ್ಮಾನ ಮಾಡೇವಿ. ಆದ್ರೂ ನಮ್ಮ ಪಂಕ್ತಿಯೊಳಗ ಕೂತು ಪ್ರಸಾದ ತಗೊಳ್ಳಾಕ ಬರೂದಿಲ್ಲ. ಅಷ್ಟು ಸೊಕ್ಕು."

ಗುರುಗಳು ರೇಣವ್ವನ ಕಡೆ ನೋಡಿದರು.

"ಯಾಕವ್ವಾ?" ಎಂದರು.

"ಆಗವಲ್ದ್ರಿ ಅಜ್ಜಾರ." ಅಷ್ಟೇ ಹೇಳಿದಳು.

ಗುರುಗಳು ಶಿಷ್ಯನ ಕಡೆ ತಿರುಗಿದರು. "ನಾಳೆ ಆಕಿ ಜೋಡಿ ವಾರ್ಡಿನ್ಯಾಗ ನಿಲ್ಲು. ಔಷಧ, ಇಂಜೆಕ್ಷನ್ ಆಕಿ ನೋಡ್ತಾಳ. ಕರದವರ ಕಡೆ ಹೋಗೂದು ನಿನ್ನ ಕೆಲಸ. ಮಠದ ನೇಮ ನೆನಪೈತಲ್ಲ?"

ನೇಮ ಎಲ್ಲರಿಗೂ ಗೊತ್ತಿದ್ದದ್ದೇ. ಕೊಟ್ಟ ಮಾತಿಗೆ ತಪ್ಪಿದವರು, ಯಾರಿಗೆ ಕೊಟ್ಟಿದ್ದರೋ ಅವರ ಕ್ಷಮೆ ಕೇಳುವ ತನಕ ಸಂಜೆಯ ಪಂಕ್ತಿಯಲ್ಲಿ ಕೂರುವಂತಿಲ್ಲ.

"ಅದೇನು ದೊಡ್ಡದ್ರಿ?" ಎಂದ ಸಾಂತಯ್ಯ.

ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟನೋ ಇಲ್ಲವೋ, ಮೂಲೆಯ ಮುದುಕಿ ಮಗ್ಗಲು ಬದಲಿಸಲು ಕರೆದಳು. ಅವಳನ್ನು ಹಿಡಿದಿರುವಾಗಲೇ ಕಿಟಕಿ ಪಕ್ಕದವನು ಬೆಡ್‌ಪ್ಯಾನ್ ಕೇಳಿದ.

"ಬಂದೆ, ತಡ್ರಿ" ಎಂದ ಸಾಂತಯ್ಯ.

ಹೋಗುವಷ್ಟರಲ್ಲಿ ಬಾಗಿಲ ಬಳಿ ಒಬ್ಬಳು ವಾಂತಿ ಮಾಡಿಕೊಂಡಳು. "ಬಂದೆ ಯವ್ವಾ." ಎದುರಿನವನಿಗೆ ನೀರು ಬೇಕಿತ್ತು. "ಬಂದೆ." ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಎನ್ನುವಂತಾಯಿತು.

ಅಷ್ಟರಲ್ಲಿ ಕಿಟಕಿ ಪಕ್ಕದವನ ಹಾಸಿಗೆ ಒದ್ದೆಯಾಗಿತ್ತು. ಅಷ್ಟು ದೊಡ್ಡ ಗಂಡಸು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ. ಸಾಂತಯ್ಯನಿಗೆ ನಾಚಿಕೆಯಾಯಿತು.

ಸಂಜೆ ಪ್ರಸಾದದ ಗಂಟೆ ಬಾರಿಸಿದಾಗಲೂ ಅವನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುತ್ತಲೇ ಇದ್ದ. ಒಬ್ಬರಿಗೆ ಮುಗಿಯುವ ಮೊದಲೇ ಇನ್ನೊಬ್ಬರು ಕರೆಯುತ್ತಿದ್ದರು. ಬಾಯಿ ತಾನಾಗಿ "ಬಂದೆ" ಎನ್ನುತ್ತಿತ್ತು.

ಔಷಧದ ಟ್ರೇ ಹಿಡಿದು ರೇಣವ್ವ ಎದುರಾದಳು.

"ಯವ್ವಾ, ನೀ ಪಂಕ್ತಿಗೆ ಬರದಿದ್ದದ್ದು ಇದಕ್ಕೇನು?"

"ಹೌದ್ರಿ. ಮೊದಲೆಲ್ಲಾ ದಿನಾ ಎಲ್ಲಾರ ಕ್ಷಮಾ ಕೇಳೂದ್ರಾಗ ಪಂಕ್ತಿ ಎದ್ದು ಹೋಗ್ತಿತ್ತು. ಆಮ್ಯಾಲೆ ಒಬ್ಬಾವನ ಕ್ಷಮಾ ಕೇಳೂದು ಉಳಿದುಬಿಡ್ತು. ನೀರು ಕೇಳಿದ್ದ, ಬಂದೆ ಅಂದಿದ್ದೆ. ನಾ ನೀರು ತರೂದ್ರಾಗ ಜೀವ ಹೋಗಿತ್ತು." ಅವಳು ಟ್ರೇ ಕೆಳಗಿಟ್ಟಳು. "ಅವನ ಕ್ಷಮಾ ಎಲ್ಲಿ ಕೇಳ್ಲಿರಿ? ಇನ್ನೊಬ್ಬಾವಂದೂ ಹಂಗ ಉಳಿಯೂ ಮೊದಲ ನಾ ಹೋಗ್ತೀನ್ರಿ."

ಸಾಂತಯ್ಯ ಮಠಕ್ಕೆ ಓಡಿದ. ಗುರುಗಳ ತಾಟಿಗೆ ಆಗಷ್ಟೇ ಬಡಿಸಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದ.

"ಆಕಿ ಮಾತಿಗೆ ತಪ್ಪಿದ್ದು ಖರೇ. ಆದ್ರ ತಪ್ಪು ಆಕಿದಲ್ರಿ ಅಜ್ಜಾರ. ಮತ್ತ ಯಾರದ್ರಿ?"

ಗುರುಗಳು ತುತ್ತು ಮುಟ್ಟದೆ ಎದ್ದು ನಿಂತರು.

"ಈ ತಾಟು ಎತ್ತು. ಮೊದಲ ರೇಣವ್ವನ ಕಡೆ ನಡಿ. ಎಲ್ಲಾರೂ ಬರ್ರಿ, ನೋಡ್ಕೊಂತೀವಿ ಅಂತ ಊರಿಗೆ ಮಾತು ಕೊಟ್ಟಾವ ನಾನು, ಅದನ್ನ ಹೊತ್ತಾಕಿ ಆಕಿ."