ಗೊರವಂಕ ಕಲಿತ ಪರದೇಶದ ಮಾತು

ಗೊರವಂಕವೊಂದು ಅಳಿಲಿನಿಂದ ನೂರು ಕಾಳು ಸಾಲ ಪಡೆದು, ದೂರದ ಕಾಡುಗಳಿಗೆ ಹೋಗಿ ಅಲ್ಲಿಯ ಹಕ್ಕಿಗಳ ಭಾಷೆ, ರೀತಿನೀತಿ ಕಲಿತು ಬಂದಿತು. ಊರಿನಲ್ಲಿ ಆ ವಿದ್ಯೆಯನ್ನು ಕೇಳುವವರೇ ಇರಲಿಲ್ಲ.

“ಹೊಲದಲ್ಲಿ ಹೆಕ್ಕುವ ಗುಬ್ಬಿಗೂ ನಿನಗಿಂತ ಹೆಚ್ಚು ಸಂಪಾದನೆಯಿದೆ. ಆ ಓದಿನಿಂದ ನಿನಗೇನು ಸಿಕ್ಕಿತು?” ಎಂದಿತು ಅಳಿಲು.

“ಸದ್ಯಕ್ಕೆ ಸಾಲವೇ ಹೆಚ್ಚು. ಆದರೂ ಕಲಿತದ್ದಕ್ಕೆ ನನಗೆ ಬೇಸರವಿಲ್ಲ,” ಎಂದಿತು ಗೊರವಂಕ.

ಆ ಚಳಿಗಾಲ ಪರದೇಶದ ಬಾತುಗಳು ದೊಡ್ಡ ಗುಂಪಾಗಿ ಊರ ಕೆರೆಗೆ ಇಳಿದವು. ಮೀನೆಲ್ಲ ಹೋಯಿತೆಂದು ಕೊಕ್ಕರೆಗಳು ಜಗಳಕ್ಕೆ ನಿಂತವು. ಗೊರವಂಕ ನಡುವೆ ಹೋಗಿ ಬಾತುಗಳನ್ನು ಮಾತಾಡಿಸಿತು.

“ಇವರಿಗೆ ಮೀನು ಬೇಡವಂತೆ, ಹುಲ್ಲಿನ ಬೀಜ ಸಾಕಂತೆ,” ಎಂದು ಕೊಕ್ಕರೆಗಳಿಗೆ ತಿಳಿಸಿತು.

ಕೊಕ್ಕರೆಗಳು ನಕ್ಕು ಜಾಗ ಬಿಟ್ಟವು. ಬಾತುಗಳು ಸಂತೋಷದಿಂದ ಗೊರವಂಕಕ್ಕೆ ಕಾಳಿನ ರಾಶಿಯನ್ನೇ ತಂದುಕೊಟ್ಟವು.

ಅಳಿಲು ಸಾಲಕ್ಕೆ ಮರಳಿ ಬಂದ ನೂರು ಕಾಳನ್ನು ಎಣಿಸಿಕೊಂಡು ಮೆಲ್ಲಗೆ ಕೇಳಿತು: “ನನ್ನ ಮಗಳನ್ನು ನಾಳೆಯಿಂದ ನಿನ್ನಲ್ಲಿಗೆ ಪಾಠಕ್ಕೆ ಕಳಿಸಲೇ?”